ಗ್ರ್ಯಾಂಡ್ ಕ್ಯಾನ್ಯನ್‌ನ ತಳಕ್ಕೆ ಒಂದೇ ದಿನದ ಒಂಟಿ ಚಾರಣ: ಅನುಭವ ಮತ್ತು ಚರ್ಚೆ

ಸಾವಿರ ಮೆಟ್ಟಿಲು (ಕುವೆಂಪುನಗರ, ಮೈಸೂರು):

ಸದಸ್ಯರೆಲ್ಲರಿಗೂ ನಮಸ್ಕಾರ. ಕಳೆದ ವರ್ಷವಿಡೀ ನಾನು ಬೆನ್ನಿಗೆ ನೀರಿನ ಬಾಟಲಿಗಳನ್ನು ಹೇರಿಕೊಂಡು ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಒಂದೇ ಬೆಳಿಗ್ಗೆ ಎರಡು ಮೂರು ಸಲ ಹತ್ತಿ ಇಳಿಯುತ್ತಿದ್ದುದನ್ನು ಕಂಡು, ಯಾವ ಹರಕೆ ಎಂದು ಕೇಳಿದವರು ಈ ಬಳಗದಲ್ಲಿಯೇ ಇದ್ದಾರೆ. ಆ ಅಭ್ಯಾಸದ ಕಾರಣವನ್ನು ಈಗ ಬರೆಯುತ್ತಿದ್ದೇನೆ. ಅಕ್ಟೋಬರ್ ಕೊನೆಯ ವಾರದಲ್ಲಿ ಅಮೆರಿಕದ ಅರಿಜೋನಾ ರಾಜ್ಯದಲ್ಲಿರುವ ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚಿನಿಂದ ಕೊಲೊರಾಡೊ ನದಿಯವರೆಗೆ ಇಳಿದು, ಅದೇ ದಿನ ಹತ್ತಿ ಮೇಲೆ ಬಂದೆ. ಒಬ್ಬನೇ ಹೋಗಿದ್ದೆ. ನನಗೆ 56 ವರ್ಷ. ಫೀನಿಕ್ಸ್ ನಗರದಲ್ಲಿರುವ ಮಗಳು ಹಿಂದಿನ ದಿನ ಕಾರಿನಲ್ಲಿ ಕರೆದುಕೊಂಡು ಬಂದು, ಕೈಗೂಸಿನೊಡನೆ ಮೇಲಿನ ವಸತಿಗೃಹದಲ್ಲಿ ಉಳಿದಿದ್ದಳು.

ಮೊದಲು ದಾರಿಯ ವಿವರ. ಇಳಿಯಲು ಸೌತ್ ಕೈಬಾಬ್ ದಾರಿಯನ್ನೂ ಹತ್ತಲು ಬ್ರೈಟ್ ಏಂಜಲ್ ದಾರಿಯನ್ನೂ ಆರಿಸಿಕೊಂಡೆ. ಸೌತ್ ಕೈಬಾಬ್ ಸಮುದ್ರಮಟ್ಟದಿಂದ ಸುಮಾರು 2,200 ಮೀಟರ್ ಎತ್ತರದಲ್ಲಿ ಆರಂಭವಾಗಿ, ಸುಮಾರು 11 ಕಿಲೋಮೀಟರ್‌ನಲ್ಲಿ 1,450 ಮೀಟರಿನಷ್ಟು ಕೆಳಗಿಳಿಯುತ್ತದೆ. ಈ ದಾರಿಯುದ್ದಕ್ಕೂ ಕುಡಿಯುವ ನೀರು ಎಲ್ಲಿಯೂ ಸಿಗುವುದಿಲ್ಲ, ನೆರಳು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಬ್ರೈಟ್ ಏಂಜಲ್ ಉದ್ದವಾದ ದಾರಿ, ತಳದ ಬಿಡಾರದಿಂದ ಅಂಚಿನವರೆಗೆ 15 ಕಿಲೋಮೀಟರ್ ಮೀರುತ್ತದೆ. ಆದರೆ ನಡುವೆ ಹವಸುಪೈ ಗಾರ್ಡನ್ಸ್ ಎಂಬಲ್ಲಿ ತೊರೆಯೂ ಮರಗಳ ನೆರಳೂ ಕುಡಿಯುವ ನೀರೂ ಇವೆ. ನಮ್ಮವರಿಗೆ ಅಂದಾಜು ಸಿಗಲೆಂದು ಹೇಳುತ್ತೇನೆ. ಚಾಮುಂಡಿ ಬೆಟ್ಟ ಮೈಸೂರಿನ ನೆಲದಿಂದ ಎದ್ದಿರುವುದು ಸುಮಾರು 300 ಮೀಟರ್. ಅಂದರೆ ಬೆಳಿಗ್ಗೆ ಹೆಚ್ಚುಕಡಿಮೆ ಐದು ಚಾಮುಂಡಿ ಬೆಟ್ಟಗಳನ್ನು ಒಂದರ ಕೆಳಗೊಂದರಂತೆ ಇಳಿಯಬೇಕು, ಮಧ್ಯಾಹ್ನದ ಬಿಸಿಲಿನಲ್ಲಿ ನಾಲ್ಕೂವರೆ ಬೆಟ್ಟಗಳನ್ನು ಹತ್ತಬೇಕು.

ಈ ತಿರುಗುಮುರುಗು ಕ್ರಮವೇ ನಾನು ಇಲ್ಲಿ ಮುಖ್ಯವಾಗಿ ಹೇಳಬೇಕೆಂದಿರುವ ವಿಷಯ. ನಮ್ಮ ಬೆಟ್ಟಗಳಲ್ಲಿ ಕಷ್ಟ ಮೊದಲು ಬರುತ್ತದೆ. ಏದುಸಿರು ಬಂದಾಗ ನಂದಿಯ ಬಳಿ ಕುಳಿತು, ಇಂದಿಗೆ ಇಷ್ಟು ಸಾಕು ಎಂದು ಹಿಂದಿರುಗಿದರೆ ಕಾಲು ತಾನಾಗಿ ಮನೆಯ ಕಡೆಗೆ ಇಳಿಯುತ್ತದೆ. ಕಂದರದಲ್ಲಿ ಮೈ ಹಗುರವಾಗಿರುವಾಗ, ಗಾಳಿ ತಂಪಾಗಿರುವಾಗ, ಕಣ್ಣೆದುರಿನ ನೋಟ ಹೆಜ್ಜೆಹೆಜ್ಜೆಗೂ ಮುಂದಕ್ಕೆ ಕರೆಯುವಾಗ ನಾವು ಇಳಿಯುತ್ತಲೇ ಹೋಗುತ್ತೇವೆ. ದಣಿವು ಎಂಬುದು ಕಾಣಿಸಿಕೊಳ್ಳುವ ಹೊತ್ತಿಗೆ ಮನೆಯ ದಾರಿ ಪೂರ್ತಿ ತಲೆಯ ಮೇಲಿರುತ್ತದೆ. ಜೊತೆಗೊಬ್ಬರಿದ್ದರೆ ಅವರಾದರೂ ಸಾಕೆನ್ನಬಹುದು. ಒಂಟಿಯಾಗಿ ಹೋಗುವವನು ಆ ಮಾತನ್ನು ಹೊರಡುವ ಮೊದಲೇ ತನಗೆ ತಾನೇ ಹೇಳಿಕೊಂಡು, ಬರೆದಿಟ್ಟುಕೊಂಡು ಹೋಗಬೇಕು. ನಾನು ಒಂದು ಚೀಟಿಯಲ್ಲಿ ಗಂಟೆಗಳನ್ನು ಬರೆದು ಒಂದು ಪ್ರತಿಯನ್ನು ಜೇಬಿನಲ್ಲಿಟ್ಟುಕೊಂಡೆ, ಇನ್ನೊಂದನ್ನು ಮಗಳಿಗೆ ಕೊಟ್ಟೆ. ನದಿಯ ಕಡೆಗಿನ ಕೊನೆಯ ಇಳಿಜಾರು ಆರಂಭವಾಗುವ ಟಿಪ್-ಆಫ್ ಎಂಬ ಜಾಗವನ್ನು 9 ಗಂಟೆಯೊಳಗೆ ತಲುಪದಿದ್ದರೆ ಅಲ್ಲಿಂದಲೇ ಹಿಂದಿರುಗುವುದು, ರಾತ್ರಿ 8ರೊಳಗೆ ನಾನು ಅಂಚಿನ ಮೇಲೆ ಕಾಣದಿದ್ದರೆ ಅವಳು ಗ್ರ್ಯಾಂಡ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನದ ಸಿಬ್ಬಂದಿಗೆ ತಿಳಿಸುವುದು.

ಸೌತ್ ಕೈಬಾಬ್ ದಾರಿಯ ತಲೆಯವರೆಗೆ ಸ್ವಂತ ವಾಹನ ಬಿಡುವುದಿಲ್ಲವಾದ್ದರಿಂದ ನಸುಕಿನ ಬಸ್ ಹಿಡಿದು, 6 ಗಂಟೆಗೆ ಹೆಡ್‌ಲ್ಯಾಂಪ್ ಬೆಳಕಿನಲ್ಲಿ ಇಳಿಯತೊಡಗಿದೆ. ಎರಡು ಅಂಗಿ, ಒಂದು ಸ್ವೆಟರ್ ಹಾಕಿದ್ದರೂ ಕೈಬೆರಳು ಮರಗಟ್ಟುವಷ್ಟು ಚಳಿಯಿತ್ತು. ಸೀಡರ್ ರಿಜ್ ದಾಟುವಷ್ಟರಲ್ಲಿ ಬಿಸಿಲು ಎದುರಿನ ಗೋಪುರಾಕಾರದ ಬಂಡೆಗಳ ನೆತ್ತಿಯನ್ನು ಮುಟ್ಟಿತು. ಸ್ಕೆಲೆಟನ್ ಪಾಯಿಂಟ್ ಬಳಿ ಮೊದಲ ಬಾರಿಗೆ ನದಿ ಕಾಣಿಸಿತು. ಅಷ್ಟು ದೊಡ್ಡ ನದಿ ಅಲ್ಲಿಂದ ಹಸಿರು ನೂಲಿನ ಎಳೆಯಂತಿತ್ತು. ಟಿಪ್-ಆಫ್ ತಲುಪಿದಾಗ 8 ಗಂಟೆ 40 ನಿಮಿಷ. ಸ್ವೆಟರ್ ಚೀಲ ಸೇರಿತ್ತು. 10 ಗಂಟೆಗೆ ಬಂಡೆಯನ್ನು ಕೊರೆದ ಸಣ್ಣ ಸುರಂಗವನ್ನು ಹಾದು ಕಪ್ಪು ಸೇತುವೆಯ ಮೇಲೆ ನಿಂತೆ. 1928ರಲ್ಲಿ ಕಟ್ಟಿದ ಈ ತೂಗುಸೇತುವೆಯ ಉಕ್ಕಿನ ಹುರಿಗಳನ್ನು ಹೇಸರಗತ್ತೆಗಳ ಮೇಲೆ ಹೇರಲಾಗದೆ, ಒಂದೊಂದು ಹುರಿಯನ್ನೂ ಅಲ್ಲಿನ ಮೂಲನಿವಾಸಿಗಳಾದ ಹವಸುಪೈ ಬುಡಕಟ್ಟಿನ 42 ಮಂದಿ ಸಾಲಾಗಿ ಹೆಗಲ ಮೇಲೆ ಹೊತ್ತು ನಾನು ಬಂದ ದಾರಿಯಲ್ಲಿಯೇ ಇಳಿಸಿದರಂತೆ. ಬೆನ್ನ ಮೇಲೆ ನಾಲ್ಕು ಲೀಟರ್ ನೀರು ಹೊತ್ತು ಅದೇ ದಾರಿಯಲ್ಲಿ ಇಳಿದಿದ್ದವನಿಗೆ ಆ ಸಂಗತಿ ಕಾಲಿನಲ್ಲಿಯೇ ಅರ್ಥವಾಯಿತು.

ತೊಂದರೆ ಆರಂಭವಾದದ್ದು ಹತ್ತುವಾಗ. ತಳದಲ್ಲಿ ಹಸಿವಾಗಲಿಲ್ಲ. ಮಗಳು ಕರಿದು ಕಟ್ಟಿಕೊಟ್ಟಿದ್ದ ನಿಪ್ಪಟ್ಟು, ಉಪ್ಪು ಹಾಕಿ ಹುರಿದ ಕಡಲೆಬೀಜ ಎಲ್ಲವೂ ಚೀಲದಲ್ಲಿ ಹಾಗೆಯೇ ಉಳಿದವು. ಮರುಭೂಮಿಯಲ್ಲಿ ನೀರು ಕುಡಿಯುತ್ತಿರಬೇಕು ಎಂಬ ಒಂದೇ ಮಾತು ತಲೆಯಲ್ಲಿದ್ದುದರಿಂದ, ಬಾಯಾರಿಕೆ ಇರಲಿ ಬಿಡಲಿ ನೀರನ್ನು ಮಾತ್ರ ಕುಡಿಯುತ್ತಲೇ ಹೋದೆ. ಮಧ್ಯಾಹ್ನ 2 ಗಂಟೆಗೆ ಹವಸುಪೈ ಗಾರ್ಡನ್ಸ್ ಮುಟ್ಟಿದೆ. ಅಲ್ಲಿನ ಕಾಟನ್‌ವುಡ್ ಮರಗಳ ಎಲೆ ನಮ್ಮ ಅರಳಿ ಎಲೆಯಂತೆಯೇ ಸಣ್ಣ ಗಾಳಿಗೂ ಪಟಪಟ ಎನ್ನುತ್ತದೆ. ಆ ಸದ್ದಿನಲ್ಲಿ ಕುಳಿತು ಮತ್ತೆ ಬಾಟಲಿ ತುಂಬಿಸಿ ಕುಡಿದೆ, ತಿನ್ನಲಿಲ್ಲ. ಅಲ್ಲಿಂದ ಮುಂದಿನ ಕಡಿದಾದ ತಿರುವುಗಳಲ್ಲಿ ತಲೆನೋವು ಬಂತು. ಹೊಟ್ಟೆ ತೊಳಸಿತು. ಕೋಲು ಹಿಡಿದ ಕೈಯನ್ನು ನೋಡಿಕೊಂಡರೆ ಬೆರಳುಗಳು ಊದಿಕೊಂಡು, ಉಂಗುರ ಚರ್ಮದೊಳಗೆ ಹೂತುಕೊಂಡಿತ್ತು. ತಿರುಗಿಸಲು ಹೋದರೆ ತಿರುಗಲಿಲ್ಲ. ಇದು ನೀರು ಸಾಲದೆ ಆಗಿರುವುದು ಎಂದುಕೊಂಡು ಇನ್ನೂ ಅರ್ಧ ಲೀಟರ್ ಕುಡಿದೆ.

ಅಂಚಿನಿಂದ ಮೂರು ಮೈಲಿ ಕೆಳಗಿರುವ ತಂಗುಮನೆಯಲ್ಲಿ ಉದ್ಯಾನದ ಸ್ವಯಂಸೇವಕಿಯೊಬ್ಬರು ಕುಳಿತಿದ್ದರು. ನನ್ನ ಮುಖ ನೋಡಿ, ನೀರು ಎಷ್ಟು ಕುಡಿದಿರಿ ಎಂದು ಕೇಳಿದರು. ಹೇಳಿದೆ. ಏನು ತಿಂದಿರಿ ಎಂದು ಕೇಳಿದರು. ಹೇಳಲು ಏನೂ ಇರಲಿಲ್ಲ. ಬಾಟಲಿಯನ್ನು ನನ್ನ ಕೈಯಿಂದ ತೆಗೆದು ಪಕ್ಕಕ್ಕಿಟ್ಟು, ಉಪ್ಪಿನ ತಿಂಡಿ ಏನಿದೆಯೋ ಅದನ್ನು ನನ್ನೆದುರಿಗೇ ತಿನ್ನಿ ಎಂದರು. ನಿಪ್ಪಟ್ಟಿನ ಪೊಟ್ಟಣ ಬಿಚ್ಚಿದೆ. ಬಾಯಲ್ಲಿ ಜೊಲ್ಲಿಲ್ಲದೆ ಮೊದಲ ತುಂಡು ಮರಳಿನಂತೆ ಹೊರಳಿತು. ಪುಡಿ ಮಾಡಿಕೊಂಡು ಚಿಟಿಕೆ ಚಿಟಿಕೆಯಾಗಿ ನಾಲಿಗೆಯ ಮೇಲಿಟ್ಟುಕೊಂಡೆ. ನಾಲ್ಕನೆಯ ನಿಪ್ಪಟ್ಟಿಗೆ ಹೊಟ್ಟೆ ತೊಳಸುವುದು ನಿಂತಿತು. ಐವತ್ತು ನಿಮಿಷ ಕೂರಿಸಿಕೊಂಡು, ಎರಡು ಸಲ ಮೂತ್ರಕ್ಕೆ ಹೋಗಿ ಬಂದ ಮೇಲೆ, ಮಾತು ಸರಿಯಾಗಿದೆಯೇ ಎಂದು ನೋಡಿ ಕಳುಹಿಸಿದರು. ಕತ್ತಲಾದ ಮೇಲೆ ಮತ್ತೆ ಹೆಡ್‌ಲ್ಯಾಂಪ್ ಹಚ್ಚಿಕೊಂಡು, 7 ಗಂಟೆ 15 ನಿಮಿಷಕ್ಕೆ ಅಂಚಿಗೆ ಬಂದೆ. ಮಗಳು ಚೀಟಿ ಹಿಡಿದುಕೊಂಡು ದಾರಿಯ ತಲೆಯಲ್ಲಿಯೇ ನಿಂತಿದ್ದಳು.

ಸಂದೇಹಗಳಿದ್ದರೆ ದಯವಿಟ್ಟು ಕೇಳಿ. ತಿಳಿದವರು ತಿದ್ದಿದರೆ ಉಪಕಾರ.

ಕುಂತಿಬೆಟ್ಟ (ಪಾಂಡವಪುರ):

ಸರ್, ಬಹಳ ಉಪಯುಕ್ತವಾದ ಬರಹ. ಎರಡು ಪ್ರಶ್ನೆಗಳಿವೆ. ನಾವು ವಾರಾಂತ್ಯಗಳಲ್ಲಿ ಕುಂತಿಬೆಟ್ಟ, ಕರಿಘಟ್ಟ, ಮೇಲುಕೋಟೆ ಎಂದು ತಿರುಗುವವರು. ಇಲ್ಲಿನ ಬೆಟ್ಟಗಳಲ್ಲಿ ಅಂತಹ ಇಳಿಜಾರಿಗೆ ತಯಾರಾಗಲು ಸಾಧ್ಯವೇ? ಮತ್ತು ಇಳಿಯುವಾಗ ಮೊಣಕಾಲಿಗೆ ಏನೂ ಆಗಲಿಲ್ಲವೇ?

ಸಾವಿರ ಮೆಟ್ಟಿಲು:

ಸಾಧ್ಯವಿದೆ, ಆದರೆ ನಾವು ಸಾಮಾನ್ಯವಾಗಿ ಮಾಡುವುದಕ್ಕೆ ವಿರುದ್ಧವಾಗಿ ಅಭ್ಯಾಸ ಮಾಡಬೇಕು. ಚಾಮುಂಡಿ ಬೆಟ್ಟದಲ್ಲಿ ಬಹಳ ಜನ ಮೆಟ್ಟಿಲು ಹತ್ತಿ, ದರ್ಶನ ಮುಗಿಸಿ, ಬಸ್ಸಿನಲ್ಲಿ ಇಳಿಯುತ್ತಾರೆ. ನಾನೂ ಮೊದಲು ಹಾಗೆಯೇ ಮಾಡುತ್ತಿದ್ದೆ. ಹತ್ತುವಾಗ ಹೃದಯಕ್ಕೆ, ಶ್ವಾಸಕ್ಕೆ ಕೆಲಸ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಹೆಜ್ಜೆಹೆಜ್ಜೆಗೂ ಮೈಭಾರವನ್ನು ತಡೆದು ಹಿಡಿಯಬೇಕು, ಆ ಅಭ್ಯಾಸ ಅವುಗಳಿಗೆ ಬೇರೆಯಾಗಿಯೇ ಬೇಕು. ಆರು ತಿಂಗಳ ಕಾಲ ಇಳಿಯುವುದನ್ನು ಒಂದು ಸಲವೂ ತಪ್ಪಿಸಲಿಲ್ಲ. ಆರಂಭದಲ್ಲಿ ಮೂರು ದಿನ ಮನೆಯ ಮೆಟ್ಟಿಲನ್ನೂ ಅಡ್ಡಡ್ಡ ಇಳಿಯುವಷ್ಟು ತೊಡೆ ನೋಯುತ್ತಿತ್ತು. ಕೊನೆಯ ತಿಂಗಳಲ್ಲಿ ಒಂದೇ ಬೆಳಿಗ್ಗೆ ಐದು ಸಲ ಹತ್ತಿಳಿದರೂ ಮರುದಿನ ನೋವಿರಲಿಲ್ಲ. ಮೊಣಕಾಲಿನ ಭಾರ ಹಂಚಿಕೊಳ್ಳಲು ಎರಡು ಕೋಲುಗಳಿದ್ದವು. ಸೌತ್ ಕೈಬಾಬ್ ದಾರಿಯಲ್ಲಿ ಮಣ್ಣು ಕೊಚ್ಚಿಹೋಗದಿರಲೆಂದು ಅಡ್ಡಲಾಗಿ ಮರದ ದಿಮ್ಮಿಗಳನ್ನು ಹೂಳಿದ್ದಾರೆ. ಅವುಗಳ ನಡುವಿನ ಅಂತರ ನಮ್ಮ ಹೆಜ್ಜೆಗೆ ಹೊಂದುವುದಿಲ್ಲ. ಕೋಲಿಲ್ಲದೆ ಹೋಗಬೇಡಿ. ಕಾಲ್ಬೆರಳ ಉಗುರುಗಳನ್ನು ಎರಡು ದಿನ ಮೊದಲೇ ಮೊಟಕಾಗಿ ಕತ್ತರಿಸಿಕೊಳ್ಳಿ, ಇಲ್ಲವಾದರೆ ಶೂಗಳ ತುದಿಗೆ ತಾಗಿ ತಾಗಿ ಕಪ್ಪಾಗುತ್ತವೆ.

ಸರಸ್ವತಿಪುರಂ ವೈದ್ಯೆ (ಮೈಸೂರು):

ತಂಗುಮನೆಯಲ್ಲಿ ನಿಮಗೆ ಸಿಕ್ಕ ಆ ಸ್ವಯಂಸೇವಕಿ ಬಾಟಲಿಯನ್ನು ಪಕ್ಕಕ್ಕಿಟ್ಟದ್ದು ಅತ್ಯಂತ ಸರಿಯಾದ ಕ್ರಮ. ನೀವು ಬರೆದಿರುವ ಲಕ್ಷಣಗಳು ರಕ್ತದಲ್ಲಿ ಸೋಡಿಯಂ ಕಡಿಮೆಯಾಗುವ ಸ್ಥಿತಿಗೆ ಚೆನ್ನಾಗಿ ಹೊಂದುತ್ತವೆ. ಪರೀಕ್ಷೆ ಮಾಡದೆ ಖಚಿತವಾಗಿ ಹೇಳಲಾಗದು, ಆದರೆ ಈ ವಿಷಯ ಎಲ್ಲರಿಗೂ ತಿಳಿದಿರಬೇಕು.

ಬೆವರಿನಲ್ಲಿ ನೀರಿನೊಂದಿಗೆ ಉಪ್ಪೂ ಹೋಗುತ್ತದೆ. ಮೈಸೂರಿನ ಮಳೆಗಾಲದಲ್ಲಿ ಬೆವರು ಅಂಗಿಗೆ ಅಂಟಿಕೊಂಡು ನಮಗೆ ಗೊತ್ತಾಗುತ್ತದೆ. ಮರುಭೂಮಿಯ ಒಣಗಾಳಿಯಲ್ಲಿ ಅದು ಬಂದ ಕ್ಷಣವೇ ಆರಿಹೋಗುವುದರಿಂದ, ಎಷ್ಟು ಬೆವರಿದೆವೆಂಬುದೇ ತಿಳಿಯುವುದಿಲ್ಲ. ಹೋದ ಉಪ್ಪನ್ನು ತುಂಬಿಸಿಕೊಳ್ಳದೆ ಬರಿಯ ನೀರನ್ನೇ ಕುಡಿಯುತ್ತಾ ಹೋದರೆ ರಕ್ತದಲ್ಲಿ ಉಳಿದಿರುವ ಸೋಡಿಯಂ ಇನ್ನಷ್ಟು ತೆಳುವಾಗುತ್ತದೆ. ತಲೆನೋವು, ವಾಕರಿಕೆ, ಬೆರಳು ಊದಿಕೊಳ್ಳುವುದು, ಆಮೇಲೆ ಗಲಿಬಿಲಿ. ತೀರಾ ಹದಗೆಟ್ಟರೆ ಮಿದುಳು ಊದಿಕೊಂಡು ಫಿಟ್ಸ್ ಬರಬಹುದು, ಪ್ರಾಣಾಪಾಯವೂ ಉಂಟು. ಬಿಸಿಲಿನ ಬಳಲಿಕೆಯಲ್ಲೂ ತಲೆನೋವು, ವಾಕರಿಕೆ ಇರುತ್ತವೆ. ಅದರಿಂದಾಗಿ ಇದು ನೀರಿನ ಕೊರತೆಯೆಂದೇ ತಪ್ಪಾಗಿ ತಿಳಿದು ಜೊತೆಯವರು ಇನ್ನಷ್ಟು ನೀರು ಕುಡಿಸುತ್ತಾರೆ. ಮಾತು ತೊದಲಿದರೆ, ನಡಿಗೆ ತಡವರಿಸಿದರೆ ಅದು ತಿಂಡಿಯಿಂದ ಸರಿಹೋಗುವ ಹಂತ ದಾಟಿದೆ ಎಂದರ್ಥ. ತಡಮಾಡದೆ ಸಹಾಯ ಕರೆಸಬೇಕು.

ಓಆರ್‌ಎಸ್ ಪೊಟ್ಟಣಗಳನ್ನು ಒಯ್ಯಿರಿ, ಪೊಟ್ಟಣದ ಮೇಲೆ ಹೇಳಿರುವಷ್ಟೇ ನೀರಿಗೆ ಕಲಸಿರಿ. ಅದರೊಂದಿಗೆ ಉಪ್ಪಿನ ತಿಂಡಿಯನ್ನು ಗಂಟೆಗೊಮ್ಮೆ, ಹಸಿವಿರಲಿ ಇಲ್ಲದಿರಲಿ, ತಿನ್ನಬೇಕು. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸೋಡಿಯಂ ಮೊದಲೇ ಇಳಿಮುಖವಾಗಿರುವ ಸಾಧ್ಯತೆ ಹೆಚ್ಚು. ಅಂಥವರು ತಮ್ಮ ವೈದ್ಯರನ್ನು ಕೇಳದೆ ಇಂತಹ ಚಾರಣಕ್ಕೆ ಹೋಗಲೇಬಾರದು.

ಸಾವಿರ ಮೆಟ್ಟಿಲು:

ಮೇಡಂ, ಅನಂತ ವಂದನೆಗಳು. ನಾನು ಆ ಮಾತ್ರೆ ತೆಗೆದುಕೊಳ್ಳುವವನಲ್ಲ, ಆದರೆ ಬಿ.ಪಿ. ಬಂದೀತೆಂಬ ಭಯದಿಂದ ಮನೆಯಲ್ಲಿ ಉಪ್ಪು ಕಡಿಮೆ ತಿನ್ನುವುದು ಎರಡು ವರ್ಷಗಳ ರೂಢಿ. ಆ ರೂಢಿಯನ್ನೇ ಕಂದರಕ್ಕೂ ಒಯ್ದಿದ್ದೆ ಎಂಬುದು ನಿಮ್ಮ ಬರಹ ಓದಿದ ಮೇಲೆ ಹೊಳೆಯಿತು.

ಕರಿಘಟ್ಟ (ಶ್ರೀರಂಗಪಟ್ಟಣ):

ಮಾನ್ಯರೇ, ನಿಮ್ಮ ಪ್ರಾಮಾಣಿಕತೆಯ ಬಗ್ಗೆ ಗೌರವವಿದೆ. ಆದರೂ ಒಂದು ಆಕ್ಷೇಪವನ್ನು ದಾಖಲಿಸಲೇಬೇಕು. ಅಂಚಿನಿಂದ ನದಿಗೆ ಹೋಗಿ ಒಂದೇ ದಿನದಲ್ಲಿ ಹಿಂದಿರುಗಬೇಡಿ ಎಂದು ಉದ್ಯಾನದವರು ದಾರಿಯಲ್ಲಿಯೇ ಫಲಕ ಹಾಕಿದ್ದಾರೆ. ಪ್ರತಿ ವರ್ಷ 250ಕ್ಕೂ ಹೆಚ್ಚು ಜನರನ್ನು ಆ ಕಂದರದಿಂದ ರಕ್ಷಿಸಿ ಮೇಲೆ ತರಬೇಕಾಗುತ್ತದೆ ಎಂದೂ ಅವರೇ ಹೇಳುತ್ತಾರೆ. ಅವರು ನಮಗಿಂತ ಹೆಚ್ಚು ತಿಳಿದವರು. ಅದನ್ನು ಮೀರಿ, ಅದೂ ಒಬ್ಬರೇ, ಅದೂ ಪರದೇಶದಲ್ಲಿ ಹೋದ ನಿಮ್ಮ ಬರಹವನ್ನು ಓದಿ ನಮ್ಮ ಹುಡುಗರು ಸ್ಫೂರ್ತಿಗೊಂಡರೆ ಏನು ಗತಿ? ನಾನು ನಮ್ಮ ಬೆಟ್ಟಗಳಲ್ಲಿಯೇ ದಾರಿ ತಪ್ಪಿದವರನ್ನು ಹುಡುಕಲು ರಾತ್ರಿ ಹೊತ್ತು ಟಾರ್ಚ್ ಹಿಡಿದು ಹೋದವನು. ಬಿದ್ದವನ ಪ್ರಾಣ ಒಂದೇ ಅಲ್ಲ, ಹುಡುಕಲು ಹೋದವರ ಪ್ರಾಣವೂ ಪಣಕ್ಕೆ ಬೀಳುತ್ತದೆ.

ಸಾವಿರ ಮೆಟ್ಟಿಲು:

ನಿಮ್ಮ ಆಕ್ಷೇಪ ನ್ಯಾಯವಾದದ್ದು. ಫಲಕವನ್ನು ನಾನು ನೋಡಿದ್ದೆ, ಅದರ ಮುಂದೆ ನಿಂತು ಓದಿಯೂ ಇದ್ದೆ. ಆ ಎಚ್ಚರಿಕೆ ಮುಖ್ಯವಾಗಿ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗಿನ ಬಿಸಿಲನ್ನು ಕುರಿತದ್ದು, ನಾನು ಅಕ್ಟೋಬರ್ ಕೊನೆಯಲ್ಲಿ ಹೋಗುತ್ತಿದ್ದೇನೆ, ವರ್ಷವಿಡೀ ತಯಾರಿ ನಡೆಸಿದ್ದೇನೆ ಎಂಬುದು ಆಗ ನಾನು ಮಾಡಿಕೊಂಡ ಸಮಾಧಾನ. ತಳದಲ್ಲಿ ರಾತ್ರಿ ತಂಗಿದ್ದರೆ ಸರಿಯಾಗುತ್ತಿತ್ತು. ಆದರೆ ಡೇರೆ ಹಾಕಲು ತಿಂಗಳುಗಳ ಮೊದಲೇ ಅನುಮತಿ ಬೇಕು, ಫ್ಯಾಂಟಮ್ ರ‍್ಯಾಂಚ್ ಎಂಬ ತಳದ ವಸತಿಗೆ ಲಾಟರಿಯಲ್ಲಿ ಹೆಸರು ಬರಬೇಕು. ಹಗಲಿನ ಚಾರಣಕ್ಕೆ ಯಾವ ಅನುಮತಿಯೂ ಬೇಡ. ಈ ಕಾರಣಕ್ಕೇ ನನ್ನಂಥವರು ಒಂದೇ ದಿನದಲ್ಲಿ ಮುಗಿಸಲು ಹೊರಡುತ್ತೇವೆ.

ತಂಗುಮನೆಯಲ್ಲಿ ಕುಳಿತಿದ್ದ ಐವತ್ತು ನಿಮಿಷ ನಾನು ಯೋಚಿಸಿದ್ದು ನೀವು ಬರೆದಿರುವುದನ್ನೇ. ಆ ಸ್ವಯಂಸೇವಕಿ ಅಂದು ಅಲ್ಲಿರದಿದ್ದರೆ ನಾನು ಇನ್ನೂ ನೀರು ಕುಡಿದು ಹತ್ತುತ್ತಿದ್ದೆ. ಮತ್ತೊಮ್ಮೆ ಹೋದರೆ ತಳದಲ್ಲಿ ತಂಗಲು ಅನುಮತಿ ಸಿಕ್ಕಿದರೆ ಮಾತ್ರ ನದಿಗೆ, ಇಲ್ಲವಾದರೆ ಸ್ಕೆಲೆಟನ್ ಪಾಯಿಂಟ್‌ಗೆ ಹೋಗಿ ಹಿಂದಿರುಗುವೆ. ಒಂಟಿಯಾಗಿ ನಡೆಯುವುದನ್ನು ಮಾತ್ರ ಬಿಡಲಾರೆ. ಸ್ವಂತ ಹೆಜ್ಜೆಯ ಲಯದಲ್ಲಿ, ಯಾರನ್ನೂ ಕಾಯದೆ, ಯಾರನ್ನೂ ಕಾಯಿಸದೆ ಮೂರು ಗಂಟೆ ಮೌನವಾಗಿ ಇಳಿದ ಆ ಬೆಳಗಿನಷ್ಟು ನೆಮ್ಮದಿ ನನಗೆ ಈಚಿನ ವರ್ಷಗಳಲ್ಲಿ ಸಿಕ್ಕಿರಲಿಲ್ಲ.

ಕರಿಘಟ್ಟ:

ಇಷ್ಟು ಸ್ಪಷ್ಟವಾಗಿ ಒಪ್ಪಿಕೊಂಡದ್ದಕ್ಕೆ ಧನ್ಯವಾದ. ಒಂಟಿ ನಡಿಗೆಯ ವಿಷಯದಲ್ಲಿ ನಮ್ಮಿಬ್ಬರ ಅಭಿಪ್ರಾಯ ಬೇರೆಯಾಗಿಯೇ ಇರಲಿ.

ಕಲ್ಲುಬಂಡೆ (ಮಂಡ್ಯ):

ನಾನು ಭೂಗರ್ಭಶಾಸ್ತ್ರದ ಪಾಠ ಹೇಳಿದವನು. ಈ ಚಾರಣದಲ್ಲಿ ಎಲ್ಲಿ ಕಷ್ಟ, ಎಲ್ಲಿ ಸುಲಭ ಎಂಬುದನ್ನು ಕಲ್ಲುಗಳೇ ನಿರ್ಧರಿಸುತ್ತವೆ ಎಂಬುದನ್ನು ಸೇರಿಸಬಯಸುತ್ತೇನೆ.

ಅಂಚಿನ ಕೈಬಾಬ್ ಸುಣ್ಣಕಲ್ಲು ಸುಮಾರು 27 ಕೋಟಿ ವರ್ಷಗಳಷ್ಟು ಹಳೆಯದು. ಅದರ ಕೆಳಗೆ ಕೊಕೊನಿನೊ ಎಂಬ ತಿಳಿಬಣ್ಣದ ಮರಳುಗಲ್ಲು. ಅದು ಒಂದು ಕಾಲದ ಮರುಭೂಮಿಯ ಮರಳುದಿಬ್ಬ, ಗಾಳಿ ಹಾಸಿದ ಓರೆ ಪದರಗಳು ಇಂದಿಗೂ ಕಲ್ಲಿನಲ್ಲಿ ಕಾಣುತ್ತವೆ. ಇನ್ನೂ ಕೆಳಗೆ ರೆಡ್‌ವಾಲ್ ಎಂಬ ಸುಮಾರು 34 ಕೋಟಿ ವರ್ಷಗಳ ಸುಣ್ಣಕಲ್ಲು. ಅದರ ನಿಜವಾದ ಬಣ್ಣ ಬೂದು. ಮೇಲಿನ ಪದರಗಳ ಕಬ್ಬಿಣದ ಕೆಂಪು ಮಳೆನೀರಿನಲ್ಲಿ ಇಳಿದು ಗೋಡೆಗೆ ಸುಣ್ಣ ಬಳಿದಂತೆ ಬಳಿದುಕೊಂಡಿದೆ. ಒಣಹವೆಯಲ್ಲಿ ಸುಣ್ಣಕಲ್ಲೂ ಮರಳುಗಲ್ಲೂ ಸುಲಭವಾಗಿ ಕರಗದೆ ಗೋಡೆಯಂತೆ ನಿಲ್ಲುತ್ತವೆ, ಮೆದುವಾದ ಜೇಡಿಪದರಗಳು ಸವೆದು ಇಳಿಜಾರಾಗುತ್ತವೆ. ಹಾಗಾಗಿ ಕಾಲುದಾರಿ ರೆಡ್‌ವಾಲ್ ಬಂದಲ್ಲೆಲ್ಲ ಹಾವಿನಂತೆ ಸುತ್ತುತ್ತಾ ಕಡಿದಾಗಿ ಏರುತ್ತದೆ. ಸಾವಿರ ಮೆಟ್ಟಿಲು ಅವರಿಗೆ ಹೊಟ್ಟೆ ತೊಳಸಿದ ತಿರುವುಗಳು ಇದೇ ರೆಡ್‌ವಾಲ್ ಗೋಡೆಯಲ್ಲಿರುವ ಜೇಕಬ್ಸ್ ಲ್ಯಾಡರ್ ಎಂಬ ಭಾಗ. ಹವಸುಪೈ ಗಾರ್ಡನ್ಸ್‌ನ ಹಿತವಾದ ಚಪ್ಪಟೆ ನೆಲದಿಂದ ಹೊರಟವರಿಗೆ ತಕ್ಷಣ ಎದುರಾಗುವುದು ಅದು. ಆದ್ದರಿಂದ ತಿಂದು, ಮೈ ತಣ್ಣಗಾದ ಮೇಲೆಯೇ ಅಲ್ಲಿಂದ ಏಳಬೇಕು.

ತಳದಲ್ಲಿರುವ ಕಪ್ಪು ಶಿಲೆಗೆ ವಿಷ್ಣು ಶಿಸ್ಟ್ ಎಂದು ಹೆಸರು, ವಯಸ್ಸು ಸುಮಾರು 170 ಕೋಟಿ ವರ್ಷ. ಅದರ ಮೇಲೆ ನೇರವಾಗಿ ಸುಮಾರು 50 ಕೋಟಿ ವರ್ಷಗಳ ಟೇಪೀಟ್ಸ್ ಮರಳುಗಲ್ಲು ಕೂತಿರುವ ಕಡೆ, ಅಂಗೈಯನ್ನು ಎರಡರ ನಡುವಿನ ಗೆರೆಯ ಮೇಲಿಟ್ಟರೆ 120 ಕೋಟಿ ವರ್ಷಗಳ ಅಂತರ ಕೈಯಡಿಯಲ್ಲಿರುತ್ತದೆ. ಅಲ್ಲಿನ ಗೋಪುರದಂಥ ಶಿಖರಗಳಿಗೆ ವಿಷ್ಣು, ಶಿವ, ಬ್ರಹ್ಮ ಎಂಬ ಹೆಸರುಗಳಿವೆ. 1880ರ ದಶಕದಲ್ಲಿ ಸಮೀಕ್ಷೆ ನಡೆಸಿದ ಭೂವಿಜ್ಞಾನಿ ಕ್ಲಾರೆನ್ಸ್ ಡಟನ್ ಅವರಿಗೆ ಆ ಬಂಡೆಗಳು ಪೂರ್ವದೇಶಗಳ ದೇವಾಲಯಗಳಂತೆ ಕಂಡದ್ದರಿಂದ ಈ ರೂಢಿ ಆರಂಭವಾಯಿತು. ನಮ್ಮ ಜಿಲ್ಲೆಯವರು ಇದನ್ನು ಓದಿ ತಮ್ಮ ಹೊಲದ ಬಂಡೆಯನ್ನು ಚಿಕ್ಕದೆಂದು ತಿಳಿಯಬಾರದು. ಮಂಡ್ಯ, ಮೈಸೂರು ಸೀಮೆಯ ನೈಸ್ ಶಿಲೆ ಬಹುಪಾಲು 300 ಕೋಟಿ ವರ್ಷಗಳನ್ನು ದಾಟಿದ್ದು. ಆ ಕಂದರದ ಅತಿ ತಳದ ಕಲ್ಲಿಗೂ ಅದು ಹಿರಿಯದು.

ಸಾವಿರ ಮೆಟ್ಟಿಲು:

ಸೇತುವೆಯ ಬಳಿ ಆ ಕಪ್ಪು ಶಿಲೆಗೆ ಬೆನ್ನು ಕೊಟ್ಟು ಕುಳಿತಿದ್ದೆ. ಹೆಸರು ಮೊದಲೇ ಗೊತ್ತಿತ್ತು, ಮುಟ್ಟಿ ನಮಸ್ಕರಿಸಿದೆ. ನಮ್ಮೂರ ಕಲ್ಲು ಅದಕ್ಕಿಂತ ಹಿರಿಯದೆಂಬುದು ಗೊತ್ತಿರಲಿಲ್ಲ.

ವಿ. ಸಿ. ನಾಲೆ (ಮಂಡ್ಯ):

ನದಿಯನ್ನು ಹಸಿರು ಎಂದು ಬರೆದಿದ್ದೀರಿ. ಕೊಲೊರಾಡೊ ಎಂದರೆ ಕೆಂಪಗಿರುವುದು ಎಂದು ಓದಿದ ನೆನಪು. ದಣಿದು ಇಳಿದವರು ಅದರಲ್ಲಿ ಮಿಂದು ಬರಬಹುದೇ? ನಾವಾದರೆ ಕಾವೇರಿ ಕಂಡ ಕೂಡಲೇ ಇಳಿದುಬಿಡುತ್ತೇವೆ.

ಸಾವಿರ ಮೆಟ್ಟಿಲು:

ಹಿಂದೆ ಕೆಂಪಗೇ ಹರಿಯುತ್ತಿತ್ತು. 1963ರಿಂದ ಮೇಲ್ಭಾಗದ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ನೀರನ್ನು ತಡೆಯುತ್ತಿದೆ. ನಮ್ಮ ಕನ್ನಂಬಾಡಿ ಕಟ್ಟೆ 130 ಅಡಿ ಎತ್ತರವಾದರೆ ಅದು 710 ಅಡಿ. ಕೆಂಪು ಹೂಳೆಲ್ಲ ಆ ಕಟ್ಟೆಯ ಹಿಂದೆ ನಿಲ್ಲುತ್ತದೆ. ಜಲಾಶಯದ ಆಳದಿಂದ ಬಿಡುವ ನೀರು ತಿಳಿಯಾಗಿ, ಬೇಸಿಗೆಯಲ್ಲಿಯೂ ಕೊರೆಯುವಷ್ಟು ತಣ್ಣಗೆ ಹರಿಯುತ್ತದೆ. ಮಳೆ ಬಿದ್ದು ಉಪನದಿಗಳು ಕೆಸರು ತಂದಾಗ ಮಾತ್ರ ಹಳೆಯ ಬಣ್ಣ ಮರಳುತ್ತದೆ. ದಯವಿಟ್ಟು ಯಾರೂ ಅದರಲ್ಲಿ ಇಳಿಯಬೇಡಿ. ಕಾದ ಮೈ ಆ ತಣ್ಣೀರಿಗೆ ಬಿದ್ದರೆ ಉಸಿರು ಕಟ್ಟುತ್ತದೆ, ಕೈಕಾಲು ಸೋಲುತ್ತವೆ, ಸೆಳೆತ ಬಹಳ ಬಲವಾದದ್ದು. ಮೈ ತಣಿಸಿಕೊಳ್ಳಲು ಬಿಡಾರದ ಪಕ್ಕದಲ್ಲಿಯೇ ಬ್ರೈಟ್ ಏಂಜಲ್ ತೊರೆ ಇದೆ. ನಾನು ಟೋಪಿಯನ್ನೂ ಅಂಗಿಯನ್ನೂ ಅದರಲ್ಲಿ ಅದ್ದಿ, ಹಿಂಡದೆ ಹಾಗೆಯೇ ತೊಟ್ಟುಕೊಂಡು ಹೊರಟೆ. ಅರ್ಧ ಗಂಟೆಯಲ್ಲಿ ಎಲ್ಲವೂ ಗರಿಗರಿಯಾಗಿ ಒಣಗಿತ್ತು.

ಕಾರಂಜಿ ಕೆರೆ (ಮೈಸೂರು):

ನಮಸ್ಕಾರ. ಮುಂದಿನ ಮೇ ತಿಂಗಳ ಕೊನೆಯಲ್ಲಿ ಕಚೇರಿಯ ಕೆಲಸಕ್ಕಾಗಿ ನಾನು ಫೀನಿಕ್ಸ್‌ಗೆ ಹೋಗುತ್ತಿದ್ದು, ಒಂದು ಶನಿವಾರ ಒಬ್ಬಳೇ ಕಂದರಕ್ಕೆ ಹೋಗುವ ಆಸೆಯಿದೆ. ವಯಸ್ಸು 34, ವಾರಕ್ಕೆರಡು ಸಲ ಬೆಟ್ಟ ಹತ್ತುತ್ತೇನೆ. ಎಲ್ಲಿಯವರೆಗೆ ಇಳಿದರೆ ಸೂಕ್ತ? ಮೊಬೈಲ್ ಸಿಗ್ನಲ್ ಇರುತ್ತದೆಯೇ?

ಸಾವಿರ ಮೆಟ್ಟಿಲು:

ತಂಗೀ, ಮೇ ಕೊನೆಯೆಂದರೆ ಬೇಸಿಗೆಯೆಂದೇ ಲೆಕ್ಕ ಹಾಕಿ. ಅಂಚಿನ ತಂಪನ್ನು ನಂಬಬೇಡಿ. ಕೆಳಗಿಳಿದಂತೆ ಪ್ರತಿ ನೂರು ಮೀಟರಿಗೆ ಹೆಚ್ಚುಕಡಿಮೆ ಒಂದು ಡಿಗ್ರಿ ಸೆಲ್ಸಿಯಸ್‌ನಂತೆ ಸೆಕೆ ಏರುತ್ತದೆ. ನಡುಬೇಸಿಗೆಯಲ್ಲಿ ತಳದ ನೆರಳಿನಲ್ಲಿಯೇ 43 ಡಿಗ್ರಿ ಮೀರುವುದುಂಟು. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಹತ್ತುವ ದಾರಿಯಲ್ಲಿ ಇರಬೇಡಿ ಎಂಬುದು ಉದ್ಯಾನದವರ ಸಲಹೆ. ಈ ಲೆಕ್ಕದಲ್ಲಿ ನೀವು ಸೀಡರ್ ರಿಜ್‌ವರೆಗೆ ಹೋಗಿ ಬನ್ನಿ. ಹೋಗಿಬರುವುದು ಸುಮಾರು 5 ಕಿಲೋಮೀಟರ್, ಇಳಿತ ಸುಮಾರು 350 ಮೀಟರ್. ಚಾಮುಂಡಿ ಬೆಟ್ಟಕ್ಕಿಂತ ಸ್ವಲ್ಪ ಹೆಚ್ಚು. ಕಂದರದ ವೈಭವವೆಲ್ಲ ಅಲ್ಲಿಯೇ ಕಾಣುತ್ತದೆ. ಸ್ಕೆಲೆಟನ್ ಪಾಯಿಂಟ್ ಎಂದರೆ ಹೋಗಿಬರಲು 10 ಕಿಲೋಮೀಟರ್ ಹತ್ತಿರ, ಇಳಿತ 600 ಮೀಟರ್ ದಾಟುತ್ತದೆ. ಬೆಳಕು ಹರಿಯುವ ಮೊದಲೇ ಹೊರಟು, ಅಂದು ಮೋಡವಿದ್ದು, ಮೈಯೂ ಚೆನ್ನಾಗಿದ್ದರೆ ಮಾತ್ರ ಅದನ್ನು ಯೋಚಿಸಿ. ಅದಕ್ಕಿಂತ ಕೆಳಗೆ ಆ ಕಾಲದಲ್ಲಿ ಖಂಡಿತ ಬೇಡ.

ಇಳಿಯಲು ತೆಗೆದುಕೊಂಡ ಹೊತ್ತಿನ ಎರಡರಷ್ಟನ್ನು ಹತ್ತಲು ಇಟ್ಟುಕೊಳ್ಳಿ. ನೀರನ್ನೂ ಹಾಗೆಯೇ ಭಾಗ ಮಾಡಿ: ಮೂರರಲ್ಲಿ ಒಂದು ಪಾಲು ಇಳಿಯಲು, ಎರಡು ಪಾಲು ಹತ್ತಲು. ಮೊದಲ ಪಾಲು ಮುಗಿದ ಜಾಗವೇ ನಿಮ್ಮ ಕೊನೆಯ ನಿಲ್ದಾಣ. ಎದುರಿನಿಂದ ಹೇಸರಗತ್ತೆಗಳ ಸಾಲು ಬಂದರೆ ಕಂದರದ ಅಂಚಿನ ಕಡೆಗೆ ಸರಿಯದೆ ಬೆಟ್ಟದ ಗೋಡೆಯ ಕಡೆಗೆ ನಿಂತು, ಅವು ದಾಟುವವರೆಗೆ ಅಲುಗಬೇಡಿ. ಅಳಿಲುಗಳಿಗೆ ತಿಂಡಿ ಹಾಕಬೇಡಿ, ಅವು ಕಚ್ಚುತ್ತವೆ.

ಅಂಚಿನಿಂದ ಕೆಳಗೆ ಮೊಬೈಲ್ ಸಿಗ್ನಲ್ ಇಲ್ಲವೆಂದೇ ತಿಳಿಯಿರಿ. ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಕೈಯಂತ್ರಗಳು ಅಲ್ಲಿ ಬಾಡಿಗೆಗೆ ದೊರೆಯುತ್ತವೆ. ಮಗಳ ಒತ್ತಾಯಕ್ಕೆ ನಾನು ಒಂದನ್ನು ಒಯ್ದಿದ್ದೆ. ತಂಗುಮನೆಯಲ್ಲಿ ಕುಳಿತಿದ್ದಾಗ "ತಡವಾಗುತ್ತದೆ, ಗಾಬರಿ ಬೇಡ" ಎಂದು ಅದರಿಂದಲೇ ತಿಳಿಸಿದೆ.

ಸರಸ್ವತಿಪುರಂ ವೈದ್ಯೆ:

ಕಾರಂಜಿ ಕೆರೆ ಅವರಿಗೆ ಒಂದೇ ಮಾತು: ವಿಮಾನ ಇಳಿದ ಮೊದಲ ಎರಡು ಮೂರು ದಿನ ಈ ಚಾರಣ ಇಟ್ಟುಕೊಳ್ಳಬೇಡಿ. ನಿದ್ರೆಗೆಟ್ಟ ದೇಹ ಬಿಸಿಲನ್ನು ಸರಿಯಾಗಿ ತಾಳುವುದಿಲ್ಲ, ಅದರ ಮೇಲೆ ಅಂಚು 2,000 ಮೀಟರಿಗಿಂತ ಎತ್ತರದಲ್ಲಿದೆ. ಮೈಸೂರಿನವರಿಗೆ ಅಲ್ಲಿ ಉಸಿರು ಬೇಗ ಏರುತ್ತದೆ.

ಕಾರಂಜಿ ಕೆರೆ:

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಸೀಡರ್ ರಿಜ್ ಎಂದೇ ನಿರ್ಧರಿಸಿದ್ದೇನೆ, ಎರಡನೆಯ ಶನಿವಾರಕ್ಕೆ. ಕರಿಘಟ್ಟ ಅವರ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು, ಅಲ್ಲಿನ ಸಹೋದ್ಯೋಗಿಯೊಬ್ಬರನ್ನು ಅಂಚಿನವರೆಗೆ ಬರಲು ಕೇಳಿಕೊಂಡಿದ್ದೇನೆ. ಅವರು ಮೇಲೆಯೇ ಇರುತ್ತಾರೆ. ಚೀಟಿಯನ್ನೂ ಬರೆದಿದ್ದೇನೆ: ಹೊರಡುವುದು 5 ಗಂಟೆ, ಏನೇ ಆದರೂ ಹಿಂದಿರುಗುವುದು 6 ಗಂಟೆ 45 ನಿಮಿಷ, ಅಂಚು 9 ಗಂಟೆ, 10 ದಾಟಿದರೆ ಸಿಬ್ಬಂದಿಗೆ ತಿಳಿಸುವುದು. ಇದರಲ್ಲಿ ಇನ್ನೇನಾದರೂ ಸೇರಬೇಕೇ?

ಸಾವಿರ ಮೆಟ್ಟಿಲು:

ಯಾವ ದಾರಿಯಲ್ಲಿ ಇಳಿಯುತ್ತೀರಿ, ಯಾವ ದಾರಿಯಲ್ಲಿ ಹತ್ತುತ್ತೀರಿ ಎಂಬುದನ್ನು ದಾರಿಯ ಹೆಸರಿನೊಂದಿಗೆ ಬರೆಯಿರಿ. ಹುಡುಕುವವರಿಗೆ ಗಂಟೆಗಿಂತ ಅದು ಮೊದಲು ಬೇಕು. ಅದರ ಕೆಳಗೆ ತೊಟ್ಟ ಬಟ್ಟೆಯ ಬಣ್ಣ ಇರಲಿ. ಕೆಂಪು ಬಂಡೆಗಳ ನಡುವೆ ಕಂದು ಬಣ್ಣದ ಅಂಗಿ ಕಾಣುವುದೇ ಇಲ್ಲ. ನನ್ನ ಚೀಟಿಯಲ್ಲಿ ಬಣ್ಣ ಬರೆದಿರಲಿಲ್ಲ. ಬಸ್ ಹತ್ತುವ ಮುಂಚೆ ಮಗಳು ನನ್ನ ಕಂದು ಸ್ವೆಟರ್ ನೋಡಿ, ತನ್ನ ಕತ್ತಿನಲ್ಲಿದ್ದ ಹಳದಿ ದುಪ್ಪಟ್ಟಾವನ್ನು ನನ್ನ ಚೀಲಕ್ಕೆ ಬಿಗಿದು, ಚೀಟಿಯ ಕೊನೆಯಲ್ಲಿ ತಾನೇ ಬರೆದುಕೊಂಡಳು: "ಅಪ್ಪ, ನೀಲಿ ಟೋಪಿ, ಬೆನ್ನ ಮೇಲೆ ಹಳದಿ."